ಟವಲು ಕಾಯುವ ನಾಯಿ

ನಮ್ಮ ಬಡಾವಣೆಯ ನಾಯಿ ಪಾರ್ಕಿಗೆ ಎರಡು ಗೇಟು. ಮೊದಲನೆಯದನ್ನು ಹಾಕಿದ ಮೇಲೆಯೇ ಎರಡನೆಯದನ್ನು ತೆಗೆಯಬೇಕು. ಒಳಗೆ ಹೋದ ಮೇಲೆ ಬೆಲ್ಟ್ ಬಿಚ್ಚಿ ನಾಯಿಯನ್ನು ಅದರ ಪಾಡಿಗೆ ಬಿಡಬಹುದು. ಕೋಲಾರದಲ್ಲಿ ಮಕ್ಕಳಿಗೇ ಆಡಲು ಜಾಗವಿಲ್ಲ, ನಾಯಿಗೊಂದು ಪಾರ್ಕು ಬೇರೆ ಕೇಡು ಎಂದು ಬಡಾವಣೆಯ ಮೀಟಿಂಗಿನಲ್ಲಿ ಜಗಳ ತೆಗೆದವಳು ನಾನೇ. ಈಗ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗೇಟು ತೆಗೆಯುವವಳೂ ನಾನೇ. ಯಾರೂ ಎತ್ತಿ ಆಡಲಿಲ್ಲ. ಅಣ್ಣನನ್ನು ಕಳೆದುಕೊಂಡವಳು ಎಂದು ಸುಮ್ಮನಿದ್ದಾರೆ.

ನಾಯಿ ಅಣ್ಣನದು. ಶ್ರೀನಿವಾಸಪುರದ ಹತ್ತಿರ ಅವನಿಗೊಂದು ಮಾವಿನ ತೋಪಿತ್ತು. ಮದುವೆಯಾಗದೆ, ತೋಪಿನಲ್ಲೇ ಒಂದು ಶೆಡ್ ಹಾಕಿಕೊಂಡು ಇದ್ದ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ನಾಯಿಗೆ ಹೆಸರು ಕೂಡ ಇಟ್ಟಿರಲಿಲ್ಲ, ‘ಲೇ’ ಅನ್ನುತ್ತಿದ್ದ. ನನ್ನನ್ನೂ ಹಾಗೆಯೇ ಕರೆಯುತ್ತಿದ್ದುದರಿಂದ, ರಜೆಗೆ ನಾನು ಹೋದಾಗ ಒಂದು ಕೂಗಿಗೆ ಇಬ್ಬರೂ ತಿರುಗುತ್ತಿದ್ದೆವು.

ಈ ಸಲ ಕಾಯಿ ಬಲಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನಿಗೆ ಎದೆ ಹಿಡಿದುಕೊಂಡಿತು. ಪಕ್ಕದ ತೋಟದವರು ಕಾರಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆತಂದರು. ಸ್ಟ್ರೆಚರಿನ ಮೇಲೆ ಒಳಗೆ ಹೋಗುವಾಗ ನನ್ನ ಕೈ ಬಿಡಿಸಿಕೊಂಡು, “ಲೇ, ಇಲ್ಲೇ ಕೂತಿರು, ಬಂದ್ಬಿಡ್ತೀನಿ” ಅಂದ. ಬಾಗಿಲ ಎದುರಿನ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನ ಯಾರೋ ಬಂದು ಎಲ್ಲ ಮುಗಿಯಿತು ಅಂದರು.

ಅಳು ಬರಲಿಲ್ಲ. ತಿಥಿಯ ದಿನ ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಅಡುಗೆಯವನ ಮೇಲೆ ರೇಗಾಡಿದೆ. ಸ್ಕೂಲು ತೆರೆದ ದಿನ ಹೋಗಿ ಹತ್ತನೇ ಕ್ಲಾಸಿಗೆ ತ್ರಿಕೋನಮಿತಿ ಹೇಳಿಕೊಟ್ಟೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟರೆ ಕೆನ್ನೆ ಹೇಗಿರುತ್ತದೋ, ನಾನು ಪೂರ್ತಿ ಹಾಗಿದ್ದೆ.

ಅಣ್ಣ ಹೋದ ಮೂರನೆಯ ದಿನ ನೆಂಟರು ನಾಯಿಯನ್ನು ತಂದು ಬಿಟ್ಟರು. ಒಂದು ಮರದ ಕೆಳಗೆ ಕೂತಿದ್ದದ್ದು ಏಳಲೊಲ್ಲದೆ, ಹಗ್ಗ ಹಾಕಿ ಎಳೆದು ತರಬೇಕಾಯಿತಂತೆ. ಆ ಮರದ ಕೊಂಬೆಯ ಮೇಲಿದ್ದ ಅಣ್ಣನ ಹಸಿರು ಚೌಕಳಿ ಟವಲನ್ನೂ ಕಿತ್ತು ತಂದಿದ್ದರು. ಆ ಟವಲು ಹತ್ತಿರವಿಲ್ಲದಿದ್ದರೆ ನಾಯಿ ಊಳಿಡುತ್ತಿತ್ತು. ಪಡಸಾಲೆಯ ಮೊಳೆಗೆ ನೇತುಹಾಕಿದೆ. ಅದರ ಕೆಳಗೇ ಕೂತಿತು. ಪಾರ್ಕಿಗೆ ಬರುವಾಗಲೂ ಟವಲನ್ನು ಚೀಲದಲ್ಲಿ ತಂದು, ಬೇಲಿಯ ಜಾಲರಿಗೆ ಹಾಕುತ್ತಿದ್ದೆ. ಅಲ್ಲಿಯೂ ಅಷ್ಟೇ. ಮಿಕ್ಕ ನಾಯಿಗಳೆಲ್ಲ ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದರೆ ನಮ್ಮದು ಬೆಲ್ಟ್ ಬಿಚ್ಚಿದ್ದರೂ ಟವಲಿನ ಕೆಳಗಿಂದ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಲ್ಯಾಬ್ರಡಾರ್ ತರುವ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದರು. “ಓಡ್ಸಿ ಮೇಡಂ ಇದನ್ನ. ಹೀಗೇ ಕೂತ್ರೆ ಸೊರಗಿ ಹೋಗುತ್ತೆ” ಅನ್ನುತ್ತಿದ್ದರು.

“ನಿಮ್ದೇನು ಓಡುತ್ತಾ ಸಾರ್? ಬಿಸ್ಕೆಟ್ ತಿನ್ನೋಕೆ ಬರುತ್ತೆ” ಅನ್ನುತ್ತಿದ್ದೆ ನಾನು.

ಒಂದು ದಿನ ಆ ಲ್ಯಾಬ್ರಡಾರ್ ಆಟಕ್ಕೆಂದು ಟವಲಿನ ತುದಿ ಹಿಡಿದು ಎಳೆಯಿತು. ನಮ್ಮದು ಹಾರಿ ಅದರ ಕಿವಿಗೆ ಬಾಯಿ ಹಾಕಿಬಿಟ್ಟಿತು. ರಕ್ತ ಬಂತು. ಮ್ಯಾನೇಜರು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವರು ಕರ್ಚೀಫಿನಿಂದ ಕಿವಿ ಒತ್ತಿಹಿಡಿದು, “ಇನ್ನೊಂದ್ಸಲ ಹೀಗಾದ್ರೆ ಕರ್ಕೊಂಡು ಬರ್ಬೇಡಿ ಮೇಡಂ” ಎಂದಷ್ಟೇ ಹೇಳಿದರು.

ಮನೆಗೆ ಬಂದು ನಾಯಿಯನ್ನು ಸರಿಯಾಗಿ ನೋಡಿದೆ. ಪಕ್ಕೆಲುಬು ಎದ್ದು ಕಾಣುತ್ತಿತ್ತು. ನನ್ನ ಕೈಯಲ್ಲಿ ಇದು ಬದುಕುವುದಿಲ್ಲ ಅನ್ನಿಸಿತು. ಅಣ್ಣನ ತೋಪಿನ ಫಸಲನ್ನು ವರ್ಷವರ್ಷವೂ ಗುತ್ತಿಗೆ ಹಿಡಿಯುತ್ತಿದ್ದ ಸಾಬರಿಗೆ ಫೋನ್ ಮಾಡಿ, ನಾಯಿಯನ್ನು ನೀವೇ ಕರೆದುಕೊಂಡು ಹೋಗಿ ಅಂದೆ. ಅಣ್ಣನದು ಎನ್ನುವ ಜೀವ ಅದೊಂದೇ ಉಳಿದಿತ್ತು. ಅದನ್ನು ಕೊಟ್ಟುಬಿಡಲೂ ನನಗೆ ಏನೂ ಅನ್ನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಸಾಬರು ಒಂದು ಡಬ್ಬಿ ನೀಲಂ ಮಾವಿನ ಹಣ್ಣು ಹಿಡಿದುಕೊಂಡು ನೇರ ಪಾರ್ಕಿಗೇ ಬಂದರು. ಜಾಲರಿಯ ಮೇಲಿನ ಟವಲನ್ನು ನೋಡಿದರು, ಅದರ ಕೆಳಗಿದ್ದ ನಾಯಿಯನ್ನು ನೋಡಿದರು.

“ಇದನ್ನ ಯಾರಕ್ಕ ಇಲ್ಲಿ ಹಾಕಿದ್ದು?”

“ನಾನೇ. ಯಾಕೆ?”

“ಯಾ ಅಲ್ಲಾ! ಇದನ್ನ ಡ್ಯೂಟಿಗೆ ಹಾಕ್ಬಿಟ್ಟಿದ್ದೀರಲ್ಲಕ್ಕ!”

ತೋಪಿನಲ್ಲಿ ಅದೊಂದು ಪದ್ಧತಿಯಂತೆ. ಉದುರಿದ ಕಾಯಿ ಗುಡ್ಡೆ ಹಾಕಿ ಮಂಡಿಗೋ ಊಟಕ್ಕೋ ಹೋಗುವಾಗ, ಗುಡ್ಡೆಯ ಮೇಲಿನ ಕೊಂಬೆಗೆ ಅಣ್ಣ ಹೆಗಲ ಟವಲನ್ನು ಹಾಕಿ ಹೋಗುತ್ತಿದ್ದ. ಕೆಳಗೆ ನಾಯಿ ಕಾವಲು. ತಿರುಗಿ ಬಂದವನು ಟವಲು ತೆಗೆದು ಹೆಗಲಿಗೆ ಹಾಕಿಕೊಂಡು ತೆಲುಗಿನಲ್ಲಿ “ಪದ” ಅನ್ನಬೇಕು, ನಡಿ ಅಂತ. ಅಲ್ಲಿಯವರೆಗೆ ಅದು ಅನ್ನ ಹಾಕಿದರೂ ಏಳದು. ನಾನು ರಜೆಗೆ ಹೋದಾಗ ಶೆಡ್ಡಿನಲ್ಲಿ ಕೂತು ಪೇಪರ್ ತಿದ್ದುತ್ತಿದ್ದೆ, ಇದನ್ನೆಲ್ಲ ನೋಡಿರಲಿಲ್ಲ.

“ಅಣ್ಣಾವ್ರು ಅವತ್ತು ಬೆಳಿಗ್ಗೆ ಟವಲ್ ಹಾಕಿ ಹೋದ್ರು, ಇಳಿಸೋಕೆ ಬರ್ಲಿಲ್ಲ” ಅಂದರು ಸಾಬರು. “ಮೂರು ತಿಂಗ್ಳಿಂದ ಡ್ಯೂಟೀಲೇ ಐತೆ, ಪಾಪ. ನೀವೇ ತೆಗೀರಿ ಅಕ್ಕ.”

ನನಗೆ ತೆಗೆಯಲು ಇಷ್ಟವಿರಲಿಲ್ಲ. ತೆಗೆದರೆ, ಅವನು ಇನ್ನು ಬರುವುದಿಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಿದ ಹಾಗೆ. ಮ್ಯಾನೇಜರು ಬಿಚ್ಚಿದ ಬೆಲ್ಟ್ ಹಿಡಿದುಕೊಂಡು ದೂರದಿಂದ ನೋಡುತ್ತಿದ್ದರು. ಹೋಗಿ ಟವಲನ್ನು ಎಳೆದುಕೊಂಡೆ, ಹೆಗಲ ಮೇಲೆ ಹಾಕಿದೆ. ಮಾವಿನ ಸೊನೆಯ ವಾಸನೆ ಇನ್ನೂ ಇತ್ತು.

“ಪದ” ಅಂದೆ. ನಾಯಿ ನನ್ನ ಹೆಗಲನ್ನು ನೋಡಿತು, ಮುಖ ನೋಡಿತು. ಎದ್ದು, ಮೂತಿಯಿಂದ ಬಾಲದವರೆಗೆ ಮೈ ಕೊಡವಿ ಓಡಿತು. ಬೇಲಿಯುದ್ದಕ್ಕೂ ನಾಲ್ಕು ಸುತ್ತು ಓಡಿತು, ನೀರಿನ ಬಕೆಟ್ ಉರುಳಿಸಿತು, ಲ್ಯಾಬ್ರಡಾರಿನ ಹಿಂದೆ ಬಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ನಾಯಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅದನ್ನು ಎಬ್ಬಿಸಲು ಒಬ್ಬರಿದ್ದರಲ್ಲ.

ಅಲ್ಲೇ ಸಿಮೆಂಟ್ ಬೆಂಚಿನ ಮೇಲೆ ಕೂತೆ. ಕೂತ ಮೇಲೆ ಆ ಇನ್ನೊಂದು ಬೆಂಚಿನ ನೆನಪಾಯಿತು. ‘ಇಲ್ಲೇ ಕೂತಿರು’ ಎಂದು ನನಗೂ ಹೇಳಿಯೇ ಹೋಗಿದ್ದ.

“ಕರ್ಕೊಂಡು ಹೋಗ್ಲಾ ಅಕ್ಕ ನಾಯೀನ?” ಎಂದು ಸಾಬರು ಕೇಳಿದರು.

“ಬೇಡ. ಇಲ್ಲೇ ಇರ್ಲಿ” ಅಂದೆ. ಏಳಲು ಮಾತ್ರ ಆಗಲಿಲ್ಲ. ಬಿಸಿಲೇರಿತು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನಾಯಿಯೂ ದಣಿದು ಬಂದು ಕಾಲಬಳಿ ಮಲಗಿತು. ಸಾಬರು ಹೋಗಲಿಲ್ಲ. ಅದರ ಕತ್ತಿಗೆ ಬೆಲ್ಟ್ ಹಾಕಿ ನನ್ನ ಕೈಗೆ ಕೊಟ್ಟರು. ಹಣ್ಣಿನ ಡಬ್ಬಿ ಎತ್ತಿಕೊಂಡು, ನನ್ನ ಮುಖ ನೋಡದೆ ಮೆಲ್ಲಗೆ ಅಂದರು:

“ಪದಂಡಿ ಅಕ್ಕ.”

ಎದ್ದೆ. ಒಳಗಿನ ಗೇಟು ಹಾಕುವವರೆಗೆ ಹೊರಗಿನದನ್ನು ತೆಗೆಯುವಂತಿಲ್ಲ. ಸಾಬರು ಹಿಂದೆ ನಿಂತು ಅದರ ಚಿಲಕದ ಜೊತೆ ತಡಕಾಡುತ್ತಿದ್ದರು. ಎರಡು ಗೇಟುಗಳ ನಡುವೆ ನಿಂತು, ಟವಲನ್ನು ಬಾಯಿಗೆ ಒತ್ತಿಕೊಂಡು, ನಾನು ಜೋರಾಗಿ ಅತ್ತುಬಿಟ್ಟೆ.