ದಾವೆತ್ ಮಾರುವ ಕಸ್ಮೀನಿ ಜಾವಾಕ್ಕೆ ಹೋಗಿಬಂದದ್ದು

ಕಸ್ಮೀನಿಯ ಹೊಟ್ಟೆಕಿಚ್ಚನ್ನು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ. "ತಂಗಿ ಹೆಸರು ಬಂದ್ರೆ ಸಾಕು, ಸೌಟನ್ನ ಪಾತ್ರೆಗೆ ಹೇಗೆ ಕುಕ್ತಾಳೆ ನೋಡ್ರೀ" ಎಂದಿದ್ದಳು. ನಾನು ನಂಬಿರಲಿಲ್ಲ.

ಜಾವಾದಿಂದ ಕಡಲುಗಳಾಚೆ ಇರುವ ನಮ್ಮ ಪರಮಾರಿಬೊ ಪಟ್ಟಣದ ಭಾನುವಾರದ ಸಂತೆಯಲ್ಲಿ ನಾನು ಸೋಯಾ ಕಾಳು ಹುದುಗಿಸಿದ ಟೆಂಪೆ ಮಾರುವ ಮೇಜಿಗೆ ಅಂಟಿಕೊಂಡೇ ಕಸ್ಮೀನಿಯ ದಾವೆತ್ ಅಂಗಡಿ. ತೆಂಗಿನ ಹಾಲಿಗೆ ಕೆಂಪು ಪಾಕ ಬೆರೆಸಿ ಮೇಲೆ ಮಂಜುಗಡ್ಡೆ ಹಾಕಿ ಕೊಡುತ್ತಾಳೆ. ಬಿಸಿಲು ಏರುವುದರೊಳಗೆ ಕೊಳಗ ಖಾಲಿ. ನಾವಿಬ್ಬರೂ ಹೊಳೆಯಾಚೆಯ ತಮನ್‌ರೆಜೊದವರು, ಅಲ್ಲಿ ಹೆಚ್ಚಿನವರು ನಮ್ಮ ಹಾಗೆ ಜಾವಾ ಮೂಲದವರೇ. ಅವಳ ತಾಯಿ ತೀರಿಕೊಂಡಾಗ ತಂಗಿ ಯೋಲಿ ಇನ್ನೂ ಪುಟ್ಟ ಹುಡುಗಿ. ಹಾಲೆಂಡಿಗೆ ಹೋದ ತಂದೆ ಮೊದಮೊದಲು ಫೋಟೊ ಕಳಿಸುತ್ತಿದ್ದ, ಆಮೇಲೆ ಅದೂ ನಿಂತಿತು. ಯೋಲಿಯನ್ನು ಸಾಕಿದವರು ತುಕಿನೆಮ್ ಅಜ್ಜಿ ಮತ್ತು ಕಸ್ಮೀನಿ. ಮುಂಗೋ ಕಡೆಯ ಲಾರಿ ಡ್ರೈವರ್ ಒಬ್ಬ ಕಸ್ಮೀನಿಯನ್ನು ಮದುವೆಗೆ ಕೇಳಿಕೊಂಡು ಬಂದಿದ್ದ. ಒಳ್ಳೆಯವನೇ. "ಇವರಿಬ್ಬರನ್ನೂ ಲಾರೀಲಿ ಹಾಕ್ಕೊಂಡು ಹೋಗ್ತೀಯಾ?" ಎಂದು ಇವಳು ಕೇಳಿದಳಂತೆ. ಯೋಚಿಸಿ ಹೇಳುತ್ತೇನೆಂದು ಹೋದವನು ಇನ್ನೂ ಯೋಚಿಸುತ್ತಿದ್ದಾನೆ.

ಯೋಲಿ ಓದಿ, ಪಟ್ಟಣದ ಬ್ಯಾಂಕೊಂದರಲ್ಲಿ ಕೆಲಸ ಹಿಡಿದಳು. ಮೂವತ್ತು ಮುಟ್ಟುವ ಹೊತ್ತಿಗೆ ಆ ಕೆಲಸ ಬಿಟ್ಟು, ಬೆನ್ನಿಗೊಂದು ದೊಡ್ಡ ಚೀಲ ಏರಿಸಿಕೊಂಡು ಏಷ್ಯಾ ಸುತ್ತಲು ಹೊರಟಳು.

"ಅಲ್ಲೇನು ಕಳಕೊಂಡಿದ್ದೀಯೇ?" ಎಂದು ಕಸ್ಮೀನಿ ಕೇಳಿದಳು.

"ಏನು ಅಂತ ಹೋಗಿ ನೋಡಿದ್ರೆ ತಾನೇ ಗೊತ್ತಾಗೋದು, ಅಕ್ಕ."

ಥಾಯ್ಲೆಂಡು, ವಿಯೆಟ್ನಾಮು ಸುತ್ತಿ ಯೋಲಿ ಕೊನೆಗೆ ಜಾವಾ ಸೇರಿದಳು. ಅಜ್ಜಿ ಹುಟ್ಟಿದ್ದು ಅಲ್ಲಿಯ ಒಂದು ಹಳ್ಳಿಯಲ್ಲಿ. ಅಪ್ಪ ಅಮ್ಮ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿದಾಗ ಅವಳು ಅಮ್ಮನ ಸೊಂಟದ ಮೇಲಿದ್ದ ಮಗು. ಒಂದು ಬಾವಿ, ಅದರ ಪಕ್ಕ ಹುಣಸೆ ಮರ, ಊರಿನ ಹೆಸರು: ಅಮ್ಮನ ಬಾಯಿಂದ ಕೇಳಿ ಅವಳು ಉಳಿಸಿಕೊಂಡಿದ್ದ ಆಸ್ತಿ ಇಷ್ಟೇ. ಆ ಹಳ್ಳಿಗೂ ಯೋಲಿ ಹೋಗಿಬಂದಳು.

ವಾಪಸು ಬಂದ ಯೋಲಿ ಬಡಕಲಾಗಿದ್ದಳು, ಕಪ್ಪಾಗಿದ್ದಳು, ಆದರೆ ಕಣ್ಣು ಮಿಂಚುತ್ತಿದ್ದವು. ಸಂಜೆಯಾದರೆ ಅವರ ಜಗಲಿ ತುಂಬ ಜನ. ಎಂಟು ಮಂಚದ ಕೋಣೆಯಲ್ಲಿ ಅಪರಿಚಿತರ ಜತೆ ಮಲಗಿದ್ದು, ಬೆಟ್ಟದ ಬಸ್ಸಿನಲ್ಲಿ ಮೇಕೆಯೊಂದು ಅವಳ ಟೋಪಿ ತಿಂದದ್ದು, ಎಲ್ಲ ಹೇಳುವಳು. ಕೊನೆಗೆ ಅಜ್ಜಿಯ ಹಳ್ಳಿ. ಬಾವಿಯ ಹತ್ತಿರ ಕೂತಿದ್ದ ಮುದುಕನೊಬ್ಬ ಇವಳ ಕೈ ಹಿಡಿದು, "ತುಕಿನೆಮ್ ಮೊಮ್ಮಗಳಾ? ಬಂದ್ಯಾ ತಾಯೀ" ಎಂದನಂತೆ, ಮನೆಗೆ ಕರೆದೊಯ್ದು ಅನ್ನ ಬಡಿಸಿದನಂತೆ.

"ಇನ್ನೊಂದ್ಸಲ ಹೇಳು ಮಗಾ" ಎಂದು ಅಜ್ಜಿ ಕಣ್ಣೊರೆಸಿಕೊಳ್ಳುವಳು. ಯೋಲಿ ಇನ್ನೊಂದು ಸಲ ಹೇಳುವಳು.

ಕಸ್ಮೀನಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಜ್ಜಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಕಾಲೊತ್ತುವುದು ಮೊದಲಿನಂತೆ ಅವಳದೇ ಪಾಲು. "ಕಾಲು ಒತ್ತೋ ಕೈ ನನ್ನದು, ಅಜ್ಜಿ ಕಿವಿ ಮಾತ್ರ ಅವಳ ಕಡೆ" ಎಂದು ನನ್ನ ಹೆಂಡತಿಯ ಹತ್ತಿರ ಅಂದಿದ್ದಳು. ಒಂದು ಸಂಜೆ ಜಗಲಿಯವರಿಗೆಲ್ಲ ದಾವೆತ್ ಹಂಚುತ್ತಿದ್ದಾಗ ಯೋಲಿ ಒಂದು ಗುಟುಕು ಕುಡಿದು, "ಅಕ್ಕ, ನಿಜವಾದ ದಾವೆತ್ ಹೀಗಿರಲ್ಲ. ಅಲ್ಲಿ ಈ ಕೆಂಪು ಗಿಂಪು ಹಾಕಲ್ಲ, ತಾಳೆ ಬೆಲ್ಲ ಹಾಕ್ತಾರೆ" ಎಂದಳು.

"ಹಂಗಾದ್ರೆ ಇಷ್ಟು ವರ್ಷ ನಿನ್ನ ಸಾಕಿದ್ದು ಸುಳ್ಳು ದಾವೆತ್ತು" ಎಂದು ಕಸ್ಮೀನಿ ಲೋಟ ಕಿತ್ತುಕೊಂಡಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಅದಾದ ಮೇಲಿನ ಭಾನುವಾರ ಸಂತೆಗೆ ಒಬ್ಬ ಡಚ್ ಹುಡುಗಿ ಬಂದಳು. ಇಲ್ಲಿಯ ಆಸ್ಪತ್ರೆಯಲ್ಲಿ ತರಬೇತಿಗೆಂದು ಬಂದವಳು. ದಾವೆತ್ ಕುಡಿಯುತ್ತಾ, "ನೀವು ಯಾವತ್ತಾದ್ರೂ ಜಾವಾಕ್ಕೆ ಹೋಗಿದ್ದೀರಾ?" ಎಂದು ಸುಮ್ಮನೆ ಕೇಳಿದಳು.

"ಹೋಗಿದ್ದೆ" ಎಂದಳು ಕಸ್ಮೀನಿ.

ನನ್ನ ಕೈಯಲ್ಲಿದ್ದ ಟೆಂಪೆ ಅಲ್ಲೇ ನಿಂತಿತು. ಆಲ್ಬಿನಾದ ದಡದಲ್ಲಿ ನಿಂತು ಮರೋವೈನೆ ಹೊಳೆಯಾಚೆಯ ಫ್ರೆಂಚರ ಆಳ್ವಿಕೆಯ ಊರನ್ನು ದೂರದಿಂದ ನೋಡಿದ್ದು ಬಿಟ್ಟರೆ ಇವಳು ದೇಶದ ಗಡಿ ಕಂಡವಳಲ್ಲ.

"ಒಬ್ರೇನಾ?"

"ಒಬ್ಳೇ. ಬೆನ್ನಿಗೊಂದು ಚೀಲ. ಎಂಟು ಮಂಚದ ಕೋಣೇಲಿ ಮಲಗಿದ್ದೆ. ನನ್ನ ಮೇಲಿನ ಮಂಚದಲ್ಲಿ ಒಬ್ಬ ಗೊರಕೆಗಾರ, ಅವನು ಉಸಿರೆಳೆದ್ರೆ ಸೊಳ್ಳೆಪರದೆ ಒಳಗೆ ಹೋಗೋದು, ಬಿಟ್ರೆ ಹೊರಗೆ ಬರೋದು!"

ಗೊರಕೆಗಾರ ಯೋಲಿಯ ಕಥೆಯಲ್ಲಿರಲಿಲ್ಲ. ಹುಡುಗಿ ಹೊಟ್ಟೆ ಹಿಡಿದು ನಕ್ಕಳು, ಮುಂದಿನ ವಾರ ಗೆಳತಿಯರನ್ನೂ ಕರೆತಂದಳು. ಕಸ್ಮೀನಿಗೆ ರುಚಿ ಹತ್ತಿತು. ವಾರದಿಂದ ವಾರಕ್ಕೆ ಅವಳ ಏಷ್ಯಾ ದೊಡ್ಡದಾಯಿತು. ಮೇಕೆ ಟೋಪಿಯ ಜತೆ ಟಿಕೆಟ್ಟನ್ನೂ ತಿಂದಿತು, ಕಂಡಕ್ಟರು ಮೇಕೆಗೆ ದಂಡ ಹಾಕಿದ. ಸೌಟು ಆಡಿಸುತ್ತ ಅವಳು ಹೇಳುವುದನ್ನು ಕೇಳುತ್ತಿದ್ದರೆ ನನಗೇ ಅವಳು ಹೋಗಿಬಂದಳೇನೋ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಯೋಲಿಗಿಂತ ಇವಳೇ ಚೆನ್ನಾಗಿ ಹೇಳುತ್ತಿದ್ದಳು.

"ಏನಿದು ಕಸ್ಮೀನಿ?" ಎಂದು ಕೇಳಿದೆ.

"ನಿಂಗೇನಾಗ್ಬೇಕು ಪೋನಿಮಿನಣ್ಣ? ನೀನು ನಿನ್ನ ಟೆಂಪೆ ಮಾರು" ಎಂದಳು. ಮಂಜುಗಡ್ಡೆ ಕುಟ್ಟುತ್ತಾ ಮೆಲ್ಲಗೆ, "ಅವಳು ಹೋಗೋಕೆ ಆಗಿದ್ದು ನಾನು ಇಲ್ಲಿ ಕೂತಿದ್ದಕ್ಕೆ ತಾನೇ? ಅರ್ಧ ಪ್ರಯಾಣ ನಂದೇ" ಎಂದಳು.

ಎಷ್ಟು ದಿನ ನಡೆದೀತು? ಒಂದು ಭಾನುವಾರ ಅಜ್ಜಿಗೆ ಸಂತೆಯ ತಿಂಡಿಯ ಆಸೆಯಾಗಿ, ಯೋಲಿ ಅವಳನ್ನು ಕೈ ಹಿಡಿದು ಕರೆತಂದಳು. ಗಿರಾಕಿಗಳ ಗುಂಪಿನ ಹಿಂದೆ ಇಬ್ಬರೂ ನಿಂತದ್ದು ನನಗೆ ಕಂಡಿತು. ಕೆಮ್ಮಿದೆ. ಕಸ್ಮೀನಿ ತಿರುಗಿ ನೋಡಲಿಲ್ಲ. ಅವಳು ಬಾವಿಯ ಹತ್ತಿರ ಇದ್ದಳು.

"... ಆ ಮುದುಕ ನನ್ನ ಎರಡೂ ಕೈ ಹಿಡ್ಕೊಂಡ. 'ನಿಮ್ಮಜ್ಜಿ ಹೋದಾಗಿಂದ ಈ ಹುಣಸೆ ಮರ ಕಾಯೇ ಬಿಟ್ಟಿಲ್ಲ ತಾಯೀ' ಅಂದ..."

"ಸಾಕು ನಿಲ್ಸು!" ಯೋಲಿ ಕಿರುಚಿದಳು. "ಅದು ನನ್ನ ಕಥೆ!"

ಗುಂಪು ಇಬ್ಭಾಗವಾಯಿತು. ಕಸ್ಮೀನಿಯ ಮುಖ ಬಿಳಿಚಿಕೊಂಡಿತು. ಆದರೂ ಬಾಯಿ ಸೋಲಲಿಲ್ಲ. "ನಿಂದಾ? ಬಾವಿ ಯಾರ್ದು? ಮರ ಯಾರ್ದು? ಅಜ್ಜಿ ಕಾಲೊತ್ತುತ್ತಾ ಇದನ್ನೆಲ್ಲ ಸಾವಿರ ಸಲ ಕೇಳಿದೋಳು ನಾನು. ನೀನು ಹೋಗಿ ಆ ಮುದುಕನ ಕೈ ಹಿಡ್ಕೊಂಡ್ ಬಂದೆ ಅಷ್ಟೇ!"

"ಯಾರೂ ಕೈ ಹಿಡೀಲಿಲ್ಲ!" ಎಂದಳು ಯೋಲಿ. ಅಳು ಬಂದುಬಿಟ್ಟಿತು. "ಮುದುಕ ಇದ್ದದ್ದು ನಿಜ. 'ನೀನು ಈ ಊರಿನವನಾ?' ಅಂತ ಕೇಳ್ದೆ. ನಮ್ಮನೇಲಿ ಅಜ್ಜೀನೂ ನಾವು 'ನೀನು' ಅಂತಾನೇ ಅಲ್ವಾ ಮಾತಾಡ್ಸೋದು? ನನಗೇನು ಗೊತ್ತು ಅಲ್ಲಿ ಹಿರಿಯರಿಗೆ ಬೇರೆ ಮಾತೇ ಇದೆ ಅಂತ? ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ಮಕ್ಕಳು ಪರಂಗಿಯವಳು, ಪರಂಗಿಯವಳು ಅಂತ ಬಸ್ಸಿನವರೆಗೂ ಹಿಂದೆ ಬಂದ್ವು. ನನ್ನ ಮೂಗು, ನನ್ನ ಕಣ್ಣು ಎಲ್ಲ ಅವರದೇ ಥರ. ಆದ್ರೂ ಪರಂಗಿಯವಳು! ಅಜ್ಜಿಗೆ ಏನಂತ ಹೇಳ್ಲಿ ಇದನ್ನ?"

ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ನನ್ನ ಹೆಂಡತಿ ಆಗಲೇ ಕುರ್ಚಿ ತಂದಿಟ್ಟಿದ್ದಳು, ಎಲ್ಲಿ ಕುಸಿದುಬಿಡುತ್ತಾಳೋ ಎಂದು. ಅಜ್ಜಿ ಕುರ್ಚಿಯಲ್ಲಿ ಸಾವಕಾಶವಾಗಿ ಕೂತು ನರೆಗೂದಲು ಸರಿಮಾಡಿಕೊಂಡಳು.

"ನಮ್ಮಪ್ಪನ್ನ ಕೂಲಿಗೆ ಅಂತ ಹಡಗಿಗೆ ತುಂಬಿದಾಗ ಯಾವನು ಬಹುವಚನ ಹಚ್ಚಿದ್ನಂತೆ?" ಎಂದಳು. "ಆ ಮುದುಕನ ಅಪ್ಪ ಬಂದು ಹೋಗ್ಬನ್ನಿ ಅಂದಿದ್ನಾ? ಬಿಡು. ಹಸಿವಾಗ್ತಿದೆ, ತಿನ್ನೋಕೇನಾದ್ರೂ ಕೊಡ್ಸಿ."

ಆ ವಯಸ್ಸಿಗೆ ಎಲ್ಲವೂ ಹಗುರವಾಗುತ್ತದೋ, ಅಥವಾ ಅವಳು ಮೊದಲೇ ಊಹಿಸಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕತಂಗಿಯರಿಗೆ ಮಾತ್ರ ಮಾತು ನಿಂತಿತು. ಎದುರಿನ ಬೆಂಡೆಕಾಯಿ ಅಂಗಡಿಯ ರಾಮದೀನ್ ಮುದುಕ, "ಏನಮ್ಮಾ, ಈ ವಾರ ಯಾವ ದೇಶ?" ಎಂದು ಕೆಣಕಿದ ಮೇಲೆ ಕಸ್ಮೀನಿ ಸಂತೆಗೆ ಬರುವುದನ್ನೇ ಬಿಟ್ಟಳು. ನೋಡಿಕೊಂಡು ಬರೋಣವೆಂದು ಅವರ ಮನೆಗೆ ಹೋದೆ. ತಂಗಿಯ ಅವಮಾನ ಕೇಳಿದ ಮೇಲಾದರೂ ಇವಳ ಉರಿ ತಣ್ಣಗಾಗಿರಬಹುದು ಎಂದುಕೊಂಡಿದ್ದೆ.

"ಅವಮಾನ ಆಗೋಕಾದ್ರೂ ಅಲ್ಲಿವರೆಗೂ ಹೋಗಿ ಬಂದ್ಲಲ್ಲ ಅಣ್ಣ" ಎಂದಳು ಕಸ್ಮೀನಿ, ತೆಂಗಿನಕಾಯಿ ತುರಿಯುತ್ತ. "ನನ್ನ ಮುಖದ ಮೇಲೆ ಯಾರು ಬಾಗಿಲು ಹಾಕಿದ್ದಾರೆ? ನನಗೆ ಅದೂ ಇಲ್ಲ. ಈಗ ನೋಡು, ಅಜ್ಜಿ ಮುಂದೆ ಕೂತು ಆ ಮರ್ಯಾದೆ ಮಾತು ಕಲೀತಿದ್ದಾಳೆ. ಅಜ್ಜೀಗೆ ಅದೆಲ್ಲ ಬರುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ. ಒಂದೇ ಮನೇಲಿದ್ದು ನಾನು ಯಾವತ್ತೂ ಕೇಳ್ಲೇ ಇಲ್ಲ."

ಅಂಗಡಿಗೆ ಯೋಲಿ ಬಂದು ಕೂತಳು. ತಾಳೆ ಬೆಲ್ಲ ಸಿಗದೆ ಕಂದು ಸಕ್ಕರೆ ಹಾಕಿ ದಾವೆತ್ ಮಾಡಿದಳು. ಗಿರಾಕಿಗಳು ಬಗ್ಗಿ ನೋಡಿ, "ಕೆಂಪಂದು ಇಲ್ವಾ? ಆ ಕಥೆ ಹೇಳೋ ಅಕ್ಕ ಎಲ್ಲಿ?" ಎಂದು ಕೇಳಿ ಮುಂದೆ ಹೋಗುವರು. "ಸುಳ್ಳು ಹೇಳೋಳೇ ಬೇಕಂತೆ ಇವರಿಗೆ" ಎಂದು ಯೋಲಿ ನನ್ನ ಮುಂದೆ ಗೊಣಗಿದಳು. ಇದನ್ನು ನನ್ನ ಹೆಂಡತಿ ಕಸ್ಮೀನಿಗೆ ಮುಟ್ಟಿಸಿದಳು. ಮುಂದಿನ ಭಾನುವಾರ ಕಸ್ಮೀನಿ ಕೆಂಪು ಪಾಕದ ಕೊಳಗದೊಂದಿಗೆ ಎಲ್ಲರಿಗಿಂತ ಮೊದಲೇ ಹಾಜರು.

ಆ ಒಣಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಟೆಂಪೆ ಮಾರಲು ಆಲ್ಬಿನಾದಿಂದ ದೋಣಿಯಲ್ಲಿ ಫ್ರೆಂಚರ ದಡಕ್ಕೆ ಹೊರಟಾಗ ಕಸ್ಮೀನಿ ತಾನೂ ಬರುತ್ತೇನೆಂದಳು. ದೋಣಿಯಲ್ಲಿ ಉದ್ದಕ್ಕೂ ನನ್ನ ಹೆಂಡತಿಯ ತೋಳು ಬಿಡಲಿಲ್ಲ. ಆ ದಡದ ಸಂತೆಯಲ್ಲಿ ಸೊಪ್ಪು ಮಾರುವವರು ಲಾವೋಸಿನಿಂದ ಬಂದು ನೆಲೆಸಿದ ಹ್ಮಾಂಗ್ ಜನ. ಅವರಲ್ಲೊಬ್ಬ ಹೆಂಗಸಿನ ಪಕ್ಕ ಇವಳು ಹೋಗಿ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ಅವಳ ಭಾಷೆ ಇವಳಿಗೆ ಬಾರದು, ಇವಳದು ಅವಳಿಗೆ ಬಾರದು. ಕೈಸನ್ನೆ, ನಗು, ಒಂದೇ ಎಲೆಯಲ್ಲಿ ಇಬ್ಬರ ಊಟ. ಆ ಹೆಂಗಸೂ ಮಗುವಾಗಿದ್ದಾಗ ತಾಯಿಯ ಬೆನ್ನ ಮೇಲೆ ಊರು ಬಿಟ್ಟವಳು, ಮತ್ತೆ ಹೋಗಿಲ್ಲ ಎಂದು ಹೇಗೋ ತಿಳಿದುಕೊಂಡಿದ್ದಳು ಕಸ್ಮೀನಿ. ಹೊರಡುವಾಗ ಅವಳು ಇವಳ ಎರಡೂ ಕೈ ಹಿಡಿದುಕೊಂಡಳು. ಇದನ್ನು ನಾನೇ ಕಣ್ಣಾರೆ ಕಂಡೆ.

ಮರುದಿನ ಭಾನುವಾರ ಸಂತೆಯಲ್ಲಿ ಕಸ್ಮೀನಿ ನನ್ನ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದಳು.

"ನಿನ್ನೆ ಅಜ್ಜಿಗೆ ಎಲ್ಲ ಹೇಳ್ದೆ ಅಣ್ಣ. 'ಇನ್ನೊಂದ್ಸಲ ಹೇಳು ಮಗಾ' ಅಂದ್ಳು. ಯೋಲಿ ಅಡುಗೆಮನೇಲಿ ಪಾತ್ರೆ ತೊಳೀತಿದ್ಳು. ಬಂದು ಬಾಗಿಲಲ್ಲಿ ನಿಂತು, 'ಲಾವೋಸಿಗೆ ನಂಗೂ ಹೋಗಕ್ಕಾಗ್ಲಿಲ್ಲ. ಮುಂದಿನ ಸಲ ನನ್ನೂ ಕರ್ಕೊಂಡು ಹೋಗು ಅಕ್ಕ' ಅಂದ್ಳು. ಅವಳ ಮುಖ ನೀನು ನೋಡ್ಬೇಕಿತ್ತು!"

"ಕರ್ಕೊಂಡು ಹೋಗ್ತೀಯಾ?"

"ನೋಡೋಣ" ಎಂದಳು ಕಸ್ಮೀನಿ. "ದೋಣೀಲಿ ಜಾಗ ಇದ್ರೆ."