ಹಾಲ್‌ನ ಟಿವಿಯಲ್ಲಿ ನನ್ನ ಹೊಟ್ಟೆ

ನನ್ನ ಹೊಟ್ಟೆಯೊಳಗೆ ಏನಿದೆ ಎಂದು ನಾನು ಮೊದಲು ನೋಡಿದ್ದು ಕಾಂದಿವಲಿಯ ನಮ್ಮ ಮನೆಯ ಟಿವಿಯಲ್ಲಿ, ನೆಂಟರ ಜೊತೆ ಕೂತು.

ಎಡ ಅಂಡಾಶಯದಲ್ಲಿ ಗೆಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲ ಎಂದಾಗ ಹೋದ ಜೀವ ಬಂದಂತಾಯಿತು. ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ತೂತುಗಳಲ್ಲಿ ಕ್ಯಾಮರಾ ಇಳಿಸಿ ತೆಗೆಯುತ್ತೇವೆ ಎಂದರು ಡಾಕ್ಟರು. ನಮಗಿನ್ನೂ ಮಗುವಾಗಿರಲಿಲ್ಲ. ಗೆಡ್ಡೆ ಮಾತ್ರ ತೆಗೆಯಿರಿ, ಅಂಡಾಶಯ ಉಳಿಸಿ ಎಂದು ಗೋಗರೆದಿದ್ದೆ. "ಪೂರಾ ಕೋಶಿಶ್ ಕರೇಂಗೇ," ಎಂದು ಪೂರ್ತಿ ಪ್ರಯತ್ನದ ಭರವಸೆ ಕೊಟ್ಟಿದ್ದರು. ಎಚ್ಚರವಾದ ಕೂಡಲೇ ಕೇಳಿದ್ದೂ ಅದನ್ನೇ. "ಗೆಡ್ಡೆ ಮಾತ್ರ ತೆಗೆದ್ರು ಕಣೇ, ಸುಮ್ನೆ ಮಲ್ಕೋ," ಎಂದು ನನ್ನ ಗಂಡ ಕೈ ಸವರಿದ್ದರು. ಆ ಮಾತನ್ನೇ ನಂಬಿ ನೆಮ್ಮದಿಯಾಗಿ ಮನೆಗೆ ಬಂದೆ.

ಆಸ್ಪತ್ರೆಯವರು ಆಪರೇಷನ್ ವಿಡಿಯೋವನ್ನು ಪೆನ್ ಡ್ರೈವ್‌ನಲ್ಲಿ ಕೊಟ್ಟಿದ್ದರು. ಗ್ರಾಂಟ್ ರೋಡಿನಿಂದ ಗಂಡನ ಚಿಕ್ಕಮ್ಮ ನನ್ನನ್ನು ನೋಡಲು ಬಂದ ದಿನ ಅತ್ತೆ ಮದುವೆ ವಿಡಿಯೋ ಹಾಕುವಷ್ಟು ಉತ್ಸಾಹದಲ್ಲಿ ಅದನ್ನು ಟಿವಿಗೆ ಸಿಕ್ಕಿಸಿದರು. ರಕ್ತ ಕಂಡರೆ ತಲೆ ಸುತ್ತುವ ನನ್ನ ಗಂಡ ಟೀ ನೆಪ ಹೇಳಿ ಅಡುಗೆಮನೆ ಸೇರಿದರು. ನನ್ನನ್ನಂತೂ ಯಾರೂ ಕೇಳಲಿಲ್ಲ.

ಗಂಡನ ಅಕ್ಕ ಗೋರೆಗಾಂವ್‌ನಲ್ಲಿ ನರ್ಸ್. ಕ್ರಿಕೆಟ್ ಕಾಮೆಂಟರಿಯವರು ಸೋಲಬೇಕು, ಹಾಗೆ ವಿವರಿಸತೊಡಗಿದರು. "ಇದು ಗರ್ಭಕೋಶ. ಏಕ್ದಮ್ ಸಾಫ್ ಇದೆ. ಈಗ ನೋಡಿ, ಗೆಡ್ಡೆ, ಓವರಿ ಎರಡೂ ಒಟ್ಟಿಗೇ ಚೀಲದೊಳಗೆ ಹೋಯ್ತು. ಪೂರ್ತಿ ತೆಗೆದ್ಬಿಟ್ರು."

"ಪೂರ್ತಿನಾ?" ಎಂದೆ.

ಅವರು ನಾಲಿಗೆ ಕಚ್ಚಿಕೊಂಡರು. ಟಿವಿಯಲ್ಲಿ ಆ ಪುಟ್ಟ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯುತ್ತಿತ್ತು.

"ಇನ್ನೊಂದು ಇದೆಯಲ್ಲಮ್ಮ, ಮಗು ಆಗೋಕೆ ಅಷ್ಟು ಸಾಕಂತೆ," ಎಂದರು ಅತ್ತೆ. "ಹೊಲಿಗೆ ಮಾಯೋವರೆಗೂ ಹೇಳೋದು ಬೇಡ ಅಂದಿದ್ದು ನಾನೇ. ವಿಡಿಯೋದಲ್ಲಿ ಅದೂ ಗೊತ್ತಾಗುತ್ತೆ ಅಂತ ಹೊಳೀಲೇ ಇಲ್ಲ."

ಗಂಡ ಟೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅದನ್ನು ಕಿತ್ತು ಗೋಡೆಗೆ ಬೀಸುವಷ್ಟು ಸಿಟ್ಟು ಬಂತು. ಹೊಟ್ಟೆಯ ನೋವು ಎದ್ದೇಳಲು ಬಿಡಲಿಲ್ಲ.

"ಡಾಕ್ಟರು ನಿಮ್ಮನ್ನ ಕೇಳಿದ್ರಾ?" ಎಂದೆ ಗಂಡನಿಗೆ.

"ಮಧ್ಯದಲ್ಲೇ ಹೊರಗೆ ಬಂದು ಕೇಳಿದ್ರು. ಉಳಿಸೋಕಾಗಲ್ಲ ಅಂದ್ರು. ನಿನಗೆ ಎಚ್ಚರ ಇರ್ಲಿಲ್ಲ, ನಿನ್ನ ಹೇಗೆ ಕೇಳೋದು?"

"ಎಚ್ಚರ ಆದ್ಮೇಲೆ?"

ಅವರು ಅತ್ತೆಯ ಮುಖ ನೋಡಿದರು. ಅಷ್ಟರಲ್ಲಿ ಚಿಕ್ಕಮ್ಮ ನನ್ನ ಪಕ್ಕಕ್ಕೆ ಸರಿದು ಬೆನ್ನು ಸವರುತ್ತ ಹೇಳಿದರು: "ಅಳ್ಬೇಡ ಕಣಮ್ಮ. ಆಪರೇಷನ್ ದಿನ ಫೋನ್‌ನಲ್ಲಿ ವಿಷಯ ಕೇಳ್ದಾಗ ನಮ್ಗೆಲ್ಲಾ ಹೀಗೇ ಆಗಿತ್ತು."