ಬಾಗಿಲು ತೆರೆದಿಟ್ಟ ಪ್ರಫುಲ್ಲಾ ಟೀಚರ್

ಕಾಸರಗೋಡಿನ ಶಾಲೆಗಳಲ್ಲಿ ಗಣಿತ ಕಲಿಸಿದವರು ಅನೇಕರಿದ್ದಾರೆ, ಅದನ್ನು ಕನ್ನಡದಲ್ಲಿ ಕಲಿಸಿದವರು ಕೆಲವರಿದ್ದಾರೆ. ಆದರೆ ಬೆಳಿಗ್ಗೆ ಮಲಯಾಳದಲ್ಲಿ ಬಂದ ಸುತ್ತೋಲೆಯನ್ನು ಸಂಜೆಯೊಳಗೆ ಕನ್ನಡಕ್ಕಿಳಿಸಿ, ಶಾಲೆಯ ವೆಬ್‌ಸೈಟಿಗೇರಿಸಿ, ಶಿರಿಯದ ಮನೆಯೂ ಗಲ್ಫಿನ ಅಜ್ಮಾನಿನ ಕೋಣೆಯೂ ಒಂದೇ ಗಳಿಗೆಯಲ್ಲಿ ಓದುವಂತೆ ಮಾಡಿದವರು ನನಗೆ ತಿಳಿದ ಮಟ್ಟಿಗೆ ಒಬ್ಬರೇ. ಐವತ್ತಾರು ತುಂಬಿತೆಂಬ ಒಂದೇ ಅಪರಾಧಕ್ಕಾಗಿ ಮೇ ಮೂವತ್ತೊಂದರಂದು ನಿವೃತ್ತರಾದ ಶ್ರೀಮತಿ ಪ್ರಫುಲ್ಲಾ ಟೀಚರ್ ಅವರ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಅವರಿಂದ ಅತಿ ಹೆಚ್ಚು ತಿದ್ದಿಸಿಕೊಂಡವನೆಂಬ ಅರ್ಹತೆಯಿಂದ ಒಪ್ಪಿಕೊಂಡೆ.

ಬಂದ್ಯೋಡಿನ ಸಮೀಪದ ನಮ್ಮ ಶಾಲೆಗೆ ಅವರು ಬಂದದ್ದು ತೊಂಬತ್ತೆಂಟರಲ್ಲಿ, ಬೆಳ್ಳೂರಿನ ಮನೆಯಿಂದ, ಬಸ್ಸಿನ ಮೇಲೆ ಬಸ್ಸು ಬದಲಿಸಿ. ನಾನು ಕನ್ನಡ ಅಧ್ಯಾಪಕನಾಗಿ, ಎಂದರೆ ಇಲ್ಲಿಯವರ ಬಾಯಲ್ಲಿ ‘ಮಾಷ್’ ಆಗಿ, ಸೇರಿದ್ದು ಹದಿನೈದು ವರ್ಷಗಳ ಬಳಿಕ. ಪೂರ್ತಿ ಕನ್ನಡ ಮಾಧ್ಯಮದಲ್ಲೇ ಓದಿ ಬಂದ ನನಗೆ ಮಲಯಾಳ ಕೇಳಿದರೆ ಅರ್ಥವಾಗುತ್ತಿತ್ತು, ಅಕ್ಷರ ಮಾತ್ರ ಕೈಕೊಡುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಸೇರಿದ ಎರಡನೆಯ ವಾರದಿಂದ, ನನ್ನ ಮೇಜಿಗೆ ಬರುವ ಪ್ರತಿ ಸುತ್ತೋಲೆಯ ಬೆನ್ನಿನಲ್ಲಿ ಪೆನ್ಸಿಲಿನಿಂದ ಬರೆದ ಎರಡು ಸಾಲು ಕನ್ನಡ ಇರತೊಡಗಿತು. ಎರಡು ವರ್ಷ ಇದು ನಡೆಯಿತು. ನಾನು ಕೃತಜ್ಞತೆ ಹೇಳಲಿಲ್ಲ, ಅವರೂ ಕಾಯಲಿಲ್ಲ. ಅಕ್ಷರ ಕಲಿತೆನೆಂದು ನನಗೇ ಖಚಿತವಾಗುವ ಮೊದಲೇ ಪೆನ್ಸಿಲ್ ನಿಂತಿತು.

ವೆಬ್‌ಸೈಟಿನ ಕೆಲಸವನ್ನು ಅವರು ಮನೆಯಿಂದಲೇ ಮಾಡಲು ಕಲಿತದ್ದು ಮಳೆಗಾಲದ ಬಸ್ಸುಗಳ ದಯೆಯಿಂದ. ನಮ್ಮ ವೆಬ್‌ಸೈಟು ಇರುವುದು ಬಾಡಿಗೆಗೆ ಪಡೆದ, ನಾವು ಯಾರೂ ಕಣ್ಣಲ್ಲಿ ಕಂಡಿರದ, ದೂರದ ಒಂದು ಕಂಪ್ಯೂಟರಿನಲ್ಲಿ. ಅದಕ್ಕೆ ನಮ್ಮ ಹೆಸರಿನ ಬೀಗಗಳು, ನಮ್ಮ ನಮ್ಮ ಲ್ಯಾಪ್‌ಟಾಪಿನಲ್ಲಿ ಆ ಬೀಗದ ಕೀಲಿಗಳು. ಕೀಲಿ ಹೊಂದಿದರೆ ಯಾರೂ ಇಣುಕಲಾಗದ ಭದ್ರವಾದ ದಾರಿಯೊಂದು ತೆರೆಯುತ್ತದೆ. ಬೆಳ್ಳೂರಿನ ಚಾವಡಿಯಲ್ಲಿ ಕುಳಿತೇ ಒಳಹೊಕ್ಕು ತಿದ್ದಬಹುದು. ಪ್ರತಿ ಜೂನಿನಲ್ಲಿ ಬೀಗ ಬದಲಿಸುವುದು ಟೀಚರ್ ಹಾಕಿಕೊಟ್ಟ ಕ್ರಮ. ಅದಕ್ಕೊಂದು ನಿಯಮವೂ ಇತ್ತು: ಹೊಸ ಕೀಲಿಯಿಂದ ಒಮ್ಮೆ ಒಳಗೆ ಬಂದು ನೋಡದೆ, ಹಳೆಯದರಿಂದ ಒಳಗಿರುವವರು ಹೊರಗೆ ಹೋಗಬಾರದು. ಇದನ್ನು ಅವರು ನನಗೆ ನಾಲ್ಕು ಸಲ ಹೇಳಿದ್ದರು. ಪಾಠ ಹೇಳುವವರಿಗೆ ಪಾಠ ಕೇಳುವ ಅಭ್ಯಾಸ ತಪ್ಪಿರುತ್ತದೆ.

ಮೂರು ವರ್ಷದ ಹಿಂದಿನ ಜೂನಿನ ಬುಧವಾರ. ಟೀಚರ್ ಅಣ್ಣನ ಮಗಳ ಮದುವೆಗೆಂದು ಬೋವಿಕಾನದಲ್ಲಿದ್ದರು. ನಾನು ಸ್ಟಾಫ್‌ರೂಮಿನಲ್ಲಿ ಒಬ್ಬನೇ ಕುಳಿತು ಎಲ್ಲರ ಬೀಗಗಳನ್ನೂ ಬದಲಿಸಿ, ಸಂತೋಷದಿಂದ ಹೊರಬಂದು, ಚಾ ಕುಡಿದು, ಮರಳಿ ಒಳಗೆ ಹೋಗಲು ನೋಡಿದರೆ ಬಾಗಿಲು ತೆರೆಯಲಿಲ್ಲ. ನಾನು ಇಟ್ಟ ಬೀಗಗಳು ಒಂದು, ಕೈಯಲ್ಲಿದ್ದ ಕೀಲಿ ಇನ್ನೊಂದು. ಕಂಪ್ಯೂಟರು ಬಾಡಿಗೆಗೆ ಕೊಟ್ಟವರನ್ನು ವಿಚಾರಿಸಿದಾಗ, ಸರಿಪಡಿಸಲು ಎರಡು ಕೆಲಸದ ದಿನ ಬೇಕೆಂದು ಬಹಳ ವಿನಯದಿಂದ ತಿಳಿಸಿದರು.

ಅದೇ ಹೊತ್ತಿಗೆ ಮುಖ್ಯೋಪಾಧ್ಯಾಯರ ಚೀಟಿ ಬಂತು. ಶುಕ್ರವಾರಕ್ಕೆ ನಿಗದಿಯಾಗಿದ್ದ ಪ್ಲಸ್ ವನ್, ಎಂದರೆ ಹನ್ನೊಂದನೆಯ ತರಗತಿಯ, ಪ್ರವೇಶ ಸಂದರ್ಶನ ಗುರುವಾರಕ್ಕೆ, ಅಂದರೆ ಮರುದಿನಕ್ಕೆ, ಹಿಂದೆ ಬಂದಿತ್ತು. ಬಾರದವರ ಸೀಟು ಕಾಯುವ ಪಟ್ಟಿಯಲ್ಲಿರುವವರಿಗೆ ಹೋಗುತ್ತದೆ. ಫೋನು ಮಾಡಬಾರದಿತ್ತೇ ಎಂದು ಕೇಳುವವರಿದ್ದಾರೆ. ಮಾಡಿದೆವು. ಕನ್ನಡ ವಿಭಾಗದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಸಿಕ್ಕಿದರು. ಉಳಿದವಳು ಶಿರಿಯದ ಫಾತಿಮತ್ ಝುಹ್ರಾ. ಅವಳ ಅರ್ಜಿಯಲ್ಲಿದ್ದದ್ದು ಅಜ್ಮಾನಿನಲ್ಲಿರುವ ತಂದೆ ನಿಯಾಸರ ಸಂಖ್ಯೆ. ಕೆಲಸದ ಹೊತ್ತಿನಲ್ಲಿ ಅವರ ಫೋನು ಪೆಟ್ಟಿಗೆಯಲ್ಲಿ ಬಂದಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದು ಕೈಗೆ ಸಿಕ್ಕಾಗ, ಬಂದ ಕರೆಗಳಿಗೂ ಮೊದಲು ಅವರು ತಪ್ಪದೆ ನೋಡುವುದು ನಮ್ಮ ಕನ್ನಡ ಪುಟವನ್ನು. ಆ ಪುಟ ಶುಕ್ರವಾರ ಎನ್ನುತ್ತಿತ್ತು.

ಮದುವೆ ಮನೆಗೆ ಫೋನು ಮಾಡಲು ನಾಚಿಕೆಯಾಯಿತು, ಆದರೂ ಮಾಡಿದೆ. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಆ ಕಡೆಯಿಂದ ವಾಲಗದ ನಡುವೆ ಶಾಂತವಾದ ಸ್ವರ ಬಂತು.

"ಇವತ್ತು ನೀವು ಬೀಗ ಬದಲಿಸ್ತೀರಿ ಅಂತ ನಂಗೆ ಗೊತ್ತುಂಟಲ್ಲ ಮಾಷೆ. ಹಾಗೆ ನಾನು ಬೆಳಿಗ್ಗೆಯಿಂದ ಒಳಗೇ ಇದ್ದೇನೆ."

ಬೀಗ ಬದಲಾದರೂ, ಮೊದಲೇ ಒಳಗಿದ್ದವರನ್ನು ಅದು ಹೊರಗೆ ಹಾಕುವುದಿಲ್ಲ. ಸಭಾಂಗಣದ ಅಡುಗೆ ಬಾಗಿಲ ಬಳಿ, ಫೋನಿನ ಸಿಗ್ನಲ್ ಸಿಗುವ ಏಕೈಕ ಮೂಲೆಯಲ್ಲಿ, ರೇಷ್ಮೆ ಸೀರೆ ಉಟ್ಟ ಟೀಚರ್ ಕುರ್ಚಿಯ ಮೇಲೆ ಲ್ಯಾಪ್‌ಟಾಪು ತೆರೆದಿಟ್ಟು, ಮುಹೂರ್ತಕ್ಕೆ ಹೋಗುವಾಗಲೂ ಅದನ್ನು ಮುಚ್ಚದಂತೆ ಸೋದರಮಾವ ಕೂಸಪ್ಪನವರನ್ನು ಕಾವಲಿಗಿಟ್ಟಿದ್ದರಂತೆ. "ಮದುಮಗನನ್ನೂ ಯಾರೂ ಇಷ್ಟು ಕಾಯಲಿಲ್ಲ ಮಾರಾಯ, ಪಾಯಸವೂ ನಾನು ನಿಂತೇ ಕುಡಿದದ್ದು" ಎಂದು ಕೂಸಪ್ಪನವರು ಆಮೇಲೆ ನನ್ನಲ್ಲಿ ದೂರಿದ್ದಾರೆ.

ನಾನು ಸಿದ್ಧಪಡಿಸಿದ ಪ್ರಕಟಣೆಯನ್ನು ಓದಿ ಹೇಳಿದೆ: ಅನಿವಾರ್ಯ ಕಾರಣಗಳಿಂದಾಗಿ ಈ ಹಿಂದೆ ಪ್ರಕಟಿಸಲಾದ ಸಂದರ್ಶನ ದಿನಾಂಕದಲ್ಲಿ ಮಾರ್ಪಾಡು ಮಾಡಲಾಗಿದ್ದು, ಸಂಬಂಧಪಟ್ಟವರು ಗಮನಿಸತಕ್ಕದ್ದು. ಟೀಚರ್ ಅದನ್ನು ಇನ್ನೊಮ್ಮೆ ಓದಿಸಿಕೊಂಡರು.

"ಚಂದ ಉಂಟು. ಇದನ್ನು ಓದಿದವರು ನಾಳೆ ಬಸ್ಸು ಹತ್ತುತ್ತಾರಾ?"

ಪುಟಕ್ಕೆ ಏರಿದ್ದು ಅವರದ್ದೇ ವಾಕ್ಯ: ಸಂದರ್ಶನ ಶುಕ್ರವಾರ ಅಲ್ಲ, ನಾಳೆ ಗುರುವಾರ ಬೆಳಿಗ್ಗೆ ಹತ್ತಕ್ಕೆ, ಸರ್ಟಿಫಿಕೇಟು ತನ್ನಿ. ಬಳಿಕ ನನಗೆ ಸರಿಯಾದ ಬೀಗ ಹಾಕಿಕೊಟ್ಟು, ನಾನು ಒಳಗೆ ಬಂದು ನಮಸ್ಕಾರ ಹೇಳುವವರೆಗೂ ಕಾದು, ಆಮೇಲೆಯೇ ಊಟಕ್ಕೆ ಎದ್ದರು.

ಗುರುವಾರ ಒಂಬತ್ತೂವರೆಗೆ ಝುಹ್ರಾ ಅಜ್ಜಿ ಆಯಿಶುಮ್ಮನವರೊಂದಿಗೆ ಗೇಟಿನಲ್ಲಿದ್ದಳು. ಹೇಗೆ ತಿಳಿಯಿತೆಂದು ನಾನು ಮುಗ್ಧನಂತೆ ವಿಚಾರಿಸಿದೆ. "ಮಗ ಅಲ್ಲಿಂದ ಫೋನ್ ಮಾಡಿದ, ನಾಳೆಯೇ ಅಂತೆ, ಟೀಚರ್ ಬರ್ದಿದ್ದಾರೆ ಅಂತ" ಎಂದರು ಆಯಿಶುಮ್ಮ. ಟೀಚರೇ ಬರೆದದ್ದೆಂದು ಮಗನಿಗೆ ಹೇಗೆ ಗೊತ್ತಾಯಿತೆಂದು ಕೇಳಿದೆ.

"ಓದಿದ ಕೂಡ್ಲೇ ಅರ್ಥ ಆಯ್ತಂತೆ."

ಕನ್ನಡ ಅಧ್ಯಾಪಕನಾಗಿ ನಾನು ಪಡೆದ ಪ್ರಾಮಾಣಿಕ ವಿಮರ್ಶೆ ಅದೊಂದೇ. ಝುಹ್ರಾ ಈಗ ಮಂಗಳೂರಿನಲ್ಲಿ ಫಾರ್ಮಸಿ ಓದುತ್ತಿದ್ದಾಳೆ.

ನಿವೃತ್ತರ ಕೀಲಿ ಮತ್ತೆ ಕೆಲಸ ಮಾಡದಂತೆ ಅವರ ಬೀಗವನ್ನು ಅದೇ ದಿನ ಪಟ್ಟಿಯಿಂದ ತೆಗೆಯಬೇಕೆಂಬುದೂ ಟೀಚರ್ ಬರೆದಿಟ್ಟ ನಿಯಮವೇ. ಮೇ ಮೂವತ್ತೊಂದರ ಸಂಜೆ ಪಟ್ಟಿ ತೆರೆದು ಅವರ ಹೆಸರಿನ ಸಾಲಿನ ಮೇಲೆ ಬೆರಳಿಟ್ಟೆ, ಶಿರಿಯದಿಂದ ಬಂದ ಅಜ್ಜಿ ಮೊಮ್ಮಗಳು ನೆನಪಾದರು, ಪಟ್ಟಿ ಮುಚ್ಚಿದೆ. ಮರುವಾರ ಟೀಚರ್ ಫೋನು ಮಾಡಿ ಗದರಿದರು: "ಎಂತ ಮಾಷೆ, ನನ್ನನ್ನು ಇನ್ನೂ ತೆಗೀಲಿಲ್ಲ? ಈಗ ಒಳಗೆ ಹೋಗಿ ನೋಡಿ ಬಂದೆ." ಹೇಗೂ ಹೋದದ್ದಕ್ಕೆ ನನ್ನ ಶಾಲಾ ಪ್ರಾರಂಭೋತ್ಸವದ ಪ್ರಕಟಣೆಯಲ್ಲಿ ಮೂರು ವಾಕ್ಯ ಚಿಕ್ಕದು ಮಾಡಿದ್ದೇನೆಂದೂ ಸೇರಿಸಿದರು.

ಮಾನ್ಯ ಪ್ರಫುಲ್ಲಾ ಟೀಚರ್ ಅವರಿಗೆ ಆಯುಸ್ಸೂ ಆರೋಗ್ಯವೂ ಸಮೃದ್ಧವಾಗಿ ಒದಗಲಿ. ಬೆಳ್ಳೂರಿನ ಚಾವಡಿಯಲ್ಲಿ ಸಿಗ್ನಲ್ ಎಂದೂ ಕಡಿಯದಿರಲಿ. ಈ ಲೇಖನ ಅಚ್ಚಿಗೆ ಹೋಗುವ ಇಂದಿನವರೆಗೂ ಅವರ ಬೀಗವನ್ನು ನಾನು ಪಟ್ಟಿಯಿಂದ ತೆಗೆದಿಲ್ಲ. ಅವರು ಮತ್ತೆ ಗದರುವುದಿದ್ದರೆ, ಒಳಗೆ ಬಂದೇ ಗದರಲಿ.